ಒಂಬತ್ತನೆಯ ಹಲಗೆ

ನನ್ನ ಓದುವ ಕೋಣೆಯ ಪುಸ್ತಕದ ಕಪಾಟು ಕಳೆದ ತಿಂಗಳು ನಡು ಬಗ್ಗಿಸಿತು. ಜೀವಮಾನವಿಡೀ ಕೂಡಿಹಾಕಿದ ಗ್ರಂಥಗಳು, ಅವುಗಳ ಮೇಲೆ ನಾನೇ ಬರೆದು ಯಾರೂ ಓದದ ಲೇಖನಗಳ ಪ್ರತಿಗಳು; ಪಾಪ, ಅದು ತಾನೆ ಎಷ್ಟು ಹೊತ್ತೀತು? ರಾಮನಗರದ ನಮ್ಮ ಬೀದಿಯ ಬಡಗಿಯನ್ನು ಕರೆಸಿದೆ. ಆತ ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸಿ, ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ, ಕೆಳಗಿನದರ ಬಳಿಗೆ ಬಂದಾಗ ಕೈ ತಡೆದ.

"ಸಾರ್, ಮೇಲಿಂದೆಲ್ಲ ಪ್ಲೈವುಡ್ಡು, ಬಗ್ಗೋಗವೆ. ಇದೊಂದು ಮಾತ್ರ ಕೂದ್ಲೆಳೆಯಷ್ಟೂ ಜಗ್ಗಿಲ್ಲ. ಹೊನ್ನೆ ಮರ ಕಣ್ ಸಾರ್. ಯಾವ್ದೋ ಹಳೇ ಬಾಗ್ಲುದು ಇರ್ಬೇಕು."

ಹಲಗೆಯನ್ನು ಮಗುಚಿ ಹಾಕಿದ. ಹಿಂಬದಿಯಲ್ಲಿ ಡಾಂಬರಿನಿಂದ ಬರೆದ ಒಂದು ಅಂಕಿ: ೯.

ಮರೆತೇಬಿಟ್ಟಿದ್ದೆ. ಅದನ್ನು ಅಲ್ಲಿ ಹೊಂದಿಸಿದವನು ನಾನೇ. ಅದರ ಮೇಲೆ ಪುಸ್ತಕ ಪೇರಿಸಿ ಮುಚ್ಚಿದವನೂ ನಾನೇ. ಆದರೆ ವೃತ್ತಿಯ ಚಾಳಿ ಸುಲಭವಾಗಿ ಬಿಡುವುದಿಲ್ಲ ನೋಡಿ. ನಿವೃತ್ತನಾಗುವ ತನಕ ಕಲ್ಲಿನ ಮೇಲಿನ ಅಕ್ಷರಗಳ ಬಾಗು ಬಳುಕುಗಳಿಂದ ಕಾಲ ನಿರ್ಣಯಿಸುತ್ತ ಬದುಕಿದವನು ನಾನು. ಆ ಒಂಬತ್ತರ ಬಾಲ ಕೊನೆಯಲ್ಲಿ ಮೇಲಕ್ಕೆ ಕೊಂಕಿರುವುದನ್ನು ಕಂಡು, "ಇದು ಇಂಥ ಕಾಲಾವಧಿಯದು" ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ಬರೆದವರು ನಮ್ಮ ಅಪ್ಪ ಎಂಬುದು ನೆನಪಾಗಲು ಒಂದು ಕ್ಷಣ ತಡವಾಯಿತು. ಅಪ್ಪನ ಒಂಬತ್ತರ ಬಾಲ ಯಾವ ಕಾಲದಲ್ಲೂ ಹಾಗೆಯೇ ಕೊಂಕುತ್ತಿತ್ತು.

ಇದಕ್ಕೆ ಒಂದು ವಾರ ಮೊದಲು ನಮ್ಮ ಅಕ್ಕನ ಮಗಳು ಶೈಲಾ ಬಂದು ಹೋಗಿದ್ದಳು. ಚನ್ನಪಟ್ಟಣದಲ್ಲಿ ಮರದ ಆಟಿಕೆಗಳ ಸಣ್ಣದೊಂದು ಕಾರ್ಖಾನೆ ಅವಳದು. ಸಣ್ಣ ಉದ್ಯಮಿಗಳಿಗೆಂದು ಏರ್ಪಡಿಸಿದ್ದ ಯಾವುದೋ ತರಬೇತಿಗೆ ಹೋಗಿದ್ದಳಂತೆ. ಅಲ್ಲಿ ಕೊಟ್ಟ ಕಾಗದವನ್ನು ನನ್ನ ಮುಂದೆ ಹರಡಿದಳು. ಅದರಲ್ಲಿ ನಾಲ್ಕು ಚೌಕಗಳು. ತುರ್ತಾದದ್ದು, ಮುಖ್ಯವಾದದ್ದು, ಎರಡೂ ಆದದ್ದು, ಎರಡೂ ಅಲ್ಲದ್ದು. ಮನೆಯ ಕೆಲಸ, ಕಾರ್ಖಾನೆಯ ಕೆಲಸಗಳನ್ನು ವಿಂಗಡಿಸಿ ಆಯಾ ಚೌಕದಲ್ಲಿ ತುಂಬಬೇಕು.

"ಎಲ್ಲಾ ಒಂದೇ ಚೌಕದಲ್ಲಿ ಬಂದು ಕೂತವೆ ಮಾವ," ಎಂದಳು. "ಮಗೂ ಸ್ಕೂಲ್ ಡೇನೂ ಅಲ್ಲೇ, ಮುಂಬೈ ಆರ್ಡರೂ ಅಲ್ಲೇ. ಕನಕಪುರದ ತಾತ ಹೆಂಗ್ ಮಾಡ್ತಿದ್ರು? ಅಂಗಡಿ ಮುಂದೆ, ಮನೆ ಹಿಂದೆ. ಯಾವುದು ಮೊದಲು ಅಂತ ಹೆಂಗೆ ತೀರ್ಮಾನ ಮಾಡ್ತಿದ್ರು?"

ನಾನು ಪಂಡಿತನಂತೆ ಏನನ್ನೋ ಹೇಳಿ ಕಳಿಸಿದೆ. ಹೇಳಬೇಕಾದುದು ಕಪಾಟಿನ ತಳದಲ್ಲಿ ಮಲಗಿತ್ತು.

ಕನಕಪುರದ ಪೇಟೆ ಬೀದಿಯಲ್ಲಿ ನಮ್ಮದು ಗ್ರಂದಿಗೆ ಅಂಗಡಿ. ಈಗಿನ ಮಕ್ಕಳಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗುತ್ತದೆ. ಹುಟ್ಟಿನಿಂದ ಸಾವಿನ ತನಕ ಮನುಷ್ಯನಿಗೆ ಬೇಕಾಗುವ, ಆದರೆ ಬೇಕಾಗುವ ತನಕ ಯಾರೂ ನೆನೆಯದ ಸಾಮಾನುಗಳೆಲ್ಲ ಸಿಕ್ಕುವ ಜಾಗ ಅದು. ಕೂಸಿಗೆ ತೇಯ್ದು ನೆಕ್ಕಿಸುವ ಬಜೆ, ಜಾಕಾಯಿ, ಅಳಲೆಕಾಯಿ. ಬಾಣಂತಿಗೆ ಹಿಪ್ಪಲಿ, ಒಣಶುಂಠಿ. ಮದುವೆಗೆ ಬಾಸಿಂಗ, ಅರಿಶಿನದ ಕೊಂಬು, ಕಂಕಣದ ದಾರ. ಕೊನೆಗೆ ಕರ್ಪೂರ, ಎಳ್ಳು, ದರ್ಭೆ. ಬಾಸಿಂಗದ ಡಬ್ಬದ ಪಕ್ಕದಲ್ಲೇ ದರ್ಭೆಯ ಕಂತೆ ಇರುತ್ತಿತ್ತು; ಅವೆರಡರ ನಡುವೆ ಅಪ್ಪ ಎಂದೂ ಭೇದವೆಣಿಸಲಿಲ್ಲ. ಆ ಅಂಗಡಿಯ ವಾಸನೆಯನ್ನು ನಾನು ಇಂದಿಗೂ ಬಿಡಿಸಿ ಹೇಳಲಾರೆ. ಬಜೆಯ ಘಾಟು, ಗಂಧದ ಚಕ್ಕೆಯ ತಂಪು, ಕರ್ಪೂರದ ಚುರುಕು, ಗೋಣಿಚೀಲದ ಧೂಳು ಎಲ್ಲ ಕಲೆತು ನಮ್ಮ ಅಂಗಿಗಳಿಗೂ ಅಂಟಿಕೊಂಡಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, "ನಿನ್ ಹತ್ರ ಪೂಜೆ ವಾಸ್ನೆ ಬತ್ತದೆ ಕಣ್ಲಾ" ಎನ್ನುತ್ತಿದ್ದ. ಪೂಜೆಯ ವಾಸನೆಯೋ ಇನ್ನಾವುದರ ವಾಸನೆಯೋ, ಪಾಪ ಅವನಿಗೇನು ಗೊತ್ತು.

ಅಂಗಡಿಗೆ ಬಾಗಿಲೆಂಬುದು ಇರಲಿಲ್ಲ. ಹೊಸ್ತಿಲಿನ ಮರದಲ್ಲಿ ಉದ್ದಕ್ಕೆ ಕೊರೆದ ಒಂದು ಗಾಡಿ, ಮೇಲಿನ ತೊಲೆಯಲ್ಲೊಂದು ಗಾಡಿ. ಅವುಗಳ ನಡುವೆ ಒಂದರ ಪಕ್ಕಕ್ಕೊಂದು ಸೇರಿಸುವ ಒಂಬತ್ತು ಹಲಗೆಗಳು. ಅದಲು ಬದಲಾದರೆ ಕೂರುವುದಿಲ್ಲವೆಂದು ಅವುಗಳ ಬೆನ್ನಿಗೆ ಅಂಕಿ. ಅಂದಿನ ಪೇಟೆ ಅಂಗಡಿಗಳೆಲ್ಲ ಹೀಗೇ ಇದ್ದವು. ಆದರೆ ಹಲಗೆಗಳಿಗೆ ಮಾತು ಕಲಿಸಿದವರು ನಮ್ಮ ಅಪ್ಪ ಒಬ್ಬರೇ ಎಂದು ನನ್ನ ನಂಬಿಕೆ. ಒಂಬತ್ತೂ ತೆಗೆದಿದ್ದರೆ ವ್ಯಾಪಾರ. ಅರ್ಧ ಹಾಕಿದ್ದರೆ ಶೆಟ್ಟರು ಊಟಕ್ಕೆ ಕೂತಿದ್ದಾರೆ, ಊದುಬತ್ತಿ ಬೇಕಾದವರು ಕಾಯಬಹುದು. ಎಂಟು ಹಾಕಿ ಒಂದನ್ನು ಮಾತ್ರ ತೆಗೆದಿದ್ದರೆ ಅಂಗಡಿ ಮುಚ್ಚಿದೆ. ಆದರೆ ಹೆರಿಗೆಯೋ ಸಾವೋ ಆದವರು ಆ ಸಂದಿಯಲ್ಲಿ ನಿಂತು ಕೂಗಬಹುದು. ಊರಿಗೆಲ್ಲ ಈ ಭಾಷೆ ಬರುತ್ತಿತ್ತು. ಹಬ್ಬದ ದಿನ, ಜ್ವರ ಬಂದ ದಿನ, ಮಕ್ಕಳ ನಾಮಕರಣದ ದಿನ, ಎಂದಾದರೂ ಸರಿ, ಒಂಬತ್ತನೆಯ ಹಲಗೆ ಗೋಡೆಗೊರಗಿಯೇ ಇರುತ್ತಿತ್ತು. ರಾತ್ರಿ ಅಪ್ಪ ಮಲಗುತ್ತಿದ್ದುದೂ ಅಂಗಡಿಯಲ್ಲೇ, ಆ ಸಂದಿಗೆ ಗೋಣಿ ಇಳಿಬಿಟ್ಟು, ಅಡ್ಡಲಾಗಿ.

"ಹಲಗೆ ಬದ್ಲಿಗೆ ಇವ್ರೇ ಮಲಿಕಂಡವ್ರೆ," ಎಂದು ಅವ್ವ ನಗುತ್ತಿದ್ದಳು. ನಗುತ್ತಿದ್ದಳು ಎಂದು ಬರೆದೆ. ಬೇರೆ ಪದಕ್ಕೆ ತಡಕಾಡಿದರೂ ಸಿಕ್ಕಲಿಲ್ಲ.

"ವುಟ್ಟೋದೂ ಸಾಯೋದೂ ಟೈಮ್ ನೋಡ್ಕಂಡ್ ಬತ್ತವಾ?" ಎಂಬುದು ಅಪ್ಪನ ಸಿದ್ಧ ಉತ್ತರ. ಅದೂ ನಿಜವೇ. ಸಾತನೂರು, ಕೋಡಿಹಳ್ಳಿ ಕಡೆಯಿಂದ ಬಾಣಂತಿ ಸಾಮಾನಿಗೆಂದು ಸೈಕಲ್ ತುಳಿದುಕೊಂಡು ಬಂದವನಿಗೆ ನಾಳೆ ಬಾ ಎನ್ನುವುದು ಹೇಗೆ?

ಒಂಬತ್ತೂ ಹಲಗೆ ಮುಚ್ಚಿದರೆ? ಅದಕ್ಕೂ ಒಂದು ಅರ್ಥವಿತ್ತು. ನಮ್ಮ ತಾತ ತೀರಿಕೊಂಡಾಗ ಮುಚ್ಚಿತ್ತು. ಅಜ್ಜಿ ತೀರಿಕೊಂಡಾಗ ಮುಚ್ಚಿತ್ತು. ಅದರ ಹೊರತು ಇಲ್ಲ.

ಈಗ ಅವ್ವನ ವಿಷಯ. ಅವಳ ತೌರು ಉಯ್ಯಂಬಳ್ಳಿ. ಅಲ್ಲಿಂದ ಮುಂದೆ ಹೋದರೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ. ಮದುವೆಯಾದ ವರ್ಷದೊಳಗೆ ಗಂಡ ಹೆಂಡಿರು ಸೆರಗಿಗೆ ಪಂಚೆಯ ಅಂಚನ್ನು ಗಂಟು ಹಾಕಿಕೊಂಡು ಸಂಗಮದಲ್ಲಿ ಮೂರು ಮುಳುಗು ಹಾಕಬೇಕೆಂಬುದು ಅವಳ ತೌರಿನವರ ಪದ್ಧತಿ. ಅವಳ ಅಕ್ಕಂದಿರು ಹಾಕಿದ್ದರು. ತಂಗಿಯೂ ಹಾಕಿ ಬಂದಳು. ಅವ್ವನ ಮದುವೆ ಆದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಇದನ್ನು ಮೂರು ಕಡೆಯಿಂದ ಪರಿಶೀಲಿಸಿದ್ದೇನೆ, ಸಂಶಯವಿಲ್ಲ. ಅಪ್ಪ ಈ ಅಂಗಡಿಯನ್ನು ಹಿಡಿದದ್ದೂ ಅದೇ ವರ್ಷ. ಹೊಸ ಅಂಗಡಿ ಬಿಟ್ಟು ಹೋಗುವುದು ಹೇಗೆಂದು ಮೊದಲ ವರ್ಷ ತಪ್ಪಿತು. ಎರಡನೆಯ ವರ್ಷ ಅಕ್ಕ ಹೊಟ್ಟೆಯಲ್ಲಿದ್ದಳೆಂದು ನನಗಿದ್ದ ತಿಳಿವಳಿಕೆಯನ್ನು ಅಕ್ಕನೇ ಹುಟ್ಟಿದ ತಾರೀಖು ತೋರಿಸಿ ಖಂಡಿಸಿದ್ದಾಳೆ. ಹಾಗಾದರೆ ಎರಡನೆಯ ವರ್ಷ ಏಕೆ ತಪ್ಪಿತು? ಅದಕ್ಕೆ ಆಧಾರ ದೊರೆಯದು. ಬಹುಶಃ ಯಾರೋ ಕರ್ಪೂರ ಕೇಳಿಕೊಂಡು ಬಂದಿರಬೇಕು.

ಮಾಗಡಿಯಲ್ಲಿ ನಡೆದ ಚಿಕ್ಕಮ್ಮನ ಮದುವೆಯ ಫೋಟೋ ನನ್ನ ಬಳಿ ಇದೆ. ಜೋಡಿ ಜೋಡಿಯಾಗಿ ನಿಂತವರ ನಡುವೆ ಅವ್ವ ಒಬ್ಬಳೇ, ತನ್ನ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದಾಳೆ. ಆ ಮದುವೆಯ ಬಾಸಿಂಗ ನಮ್ಮ ಅಂಗಡಿಯದೇ. ಅಪ್ಪ ಬಾರದಿದ್ದರೂ ಅಪ್ಪನ ಸಾಮಾನು ಪ್ರತಿ ಮದುವೆಗೂ ಹೋಗುತ್ತಿತ್ತು.

ಪ್ರತಿ ಬೇಸಿಗೆಯಲ್ಲೂ, ಉಯ್ಯಂಬಳ್ಳಿ ಕಡೆಯವರು ಯಾರಾದರೂ ಅಂಗಡಿಗೆ ಬಂದು ಹೊಳೆಯಲ್ಲಿ ನೀರಿಳಿಯಿತೆಂದರೆ, ಅವ್ವ ಮನೆಗೂ ಅಂಗಡಿಗೂ ನಡುವಣ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು.

"ಏನೂಂದ್ರೆ, ನೀರಿಳ್ದೈತಂತೆ."

"ಹೂಂ."

"ಒಂದಿನದ ಮಾತು. ಮೊದುಲ್ನೇ ಬಸ್ಸಿಗ್ ಹೋದ್ರೆ ಸಂಜೀಕೆ ಬಂದ್ಬುಡ್ಬೋದು."

"ಈ ತಿಂಗ್ಳು ಲಗ್ನ ಜಾಸ್ತಿ ಕಣೆ. ಒಸಿ ಕಳೀಲಿ."

ಲಗ್ನಗಳು ಕಳೆಯುವ ಹೊತ್ತಿಗೆ ಮಳೆ ಬಂದು ಹೊಳೆ ತುಂಬುತ್ತಿತ್ತು. ಈ ಸಂಭಾಷಣೆ ನಮ್ಮ ಮನೆಯಲ್ಲಿ ಯುಗಾದಿಯ ಬೇವುಬೆಲ್ಲದಷ್ಟೇ ನಿಯತವಾಗಿತ್ತು. ಅವರ ಮಾತು ನನಗೂ ಅಕ್ಕನಿಗೂ ಬಾಯಿಪಾಠ. ಹಿತ್ತಲಲ್ಲಿ ಅವಳು ಅವ್ವನಾಗಿ ನಾನು ಅಪ್ಪನಾಗಿ ಆಡಿ ತೋರಿಸುತ್ತಿದ್ದೆವು. "ಒಸಿ ಕಳೀಲಿ" ಎನ್ನುವಾಗ ತಲೆಯೆತ್ತದೆ ತಕ್ಕಡಿ ನೋಡಬೇಕು, ಅದು ಮುಖ್ಯ.

ಒಂದು ಬೇಸಿಗೆ ಅವ್ವ ಬಂದು ನಿಲ್ಲಲಿಲ್ಲ.

ಉಯ್ಯಂಬಳ್ಳಿಯವರು ಬಂದರು, ನೀರಿಳಿದ ಸುದ್ದಿ ಹೇಳಿದರು, ಹೋದರು. ಒಳಗೆ ಒಗ್ಗರಣೆಯ ಸದ್ದು ಮಾತ್ರ ಕೇಳಿತು. ಅಪ್ಪ ತಕ್ಕಡಿ ಹಿಡಿದು ಆ ಬಾಗಿಲ ಕಡೆಗೆ ನೋಡಿದರು. ಮರುದಿನವೂ ನೋಡಿದರು. ನಾಲ್ಕಾರು ದಿನ ಕಳೆದ ಮೇಲೆ ಅರ್ಧ ಹಲಗೆಯ ಊಟದ ವೇಳೆ ಒಳಗೆ ಬಂದವರು, ತಟ್ಟೆಯ ಮುಂದೆ ಕೂತು ತಾವೇ ಕೇಳಿದರು:

"ನೀರಿಳ್ದೈತಂತೆ?"

"ಯಾವ್ ನೀರು?" ಎಂದಳು ಅವ್ವ, ಮುದ್ದೆ ಬಡಿಸುತ್ತ.

"ಸಂಗಮದ್ದು."

"ಇಳೀತದೆ, ಏರ್ತದೆ. ಅದುಕ್ಕೇನು ಕೆಲ್ಸ."

ಅಪ್ಪ ಮುದ್ದೆ ಮುರಿಯದೆ ಕೂತರು. ಇಪ್ಪತ್ತು ವರ್ಷ ಕೇಳಿದ ಪ್ರಶ್ನೆಗೆ ಇಲ್ಲವೆನ್ನುವುದು ಅವರಿಗೆ ಅಭ್ಯಾಸವಾಗಿತ್ತು. ಕೇಳದ ಪ್ರಶ್ನೆಗೆ ಏನೆನ್ನುವುದೆಂದು ತಿಳಿಯಲಿಲ್ಲವೆಂದು ಕಾಣುತ್ತದೆ. ಕೈ ತೊಳೆದು ಎದ್ದು ಹೋಗುವಾಗ ಹೇಳಿದರು: "ನಾಳೀಕೆ ಮೊದುಲ್ನೇ ಬಸ್ಸು. ಯಾರ್ಗೂ ಯೋಳ್ಬ್ಯಾಡಿ. ಯೋಳಿದ್ರೆ ಯಾರಾನ ಒಬ್ರು ಬಂದೇ ಬತ್ತರೆ."

ಆ ನಾಳೆ ಯಾವ ದಿನವೆಂಬುದನ್ನು ನಿರ್ಣಯಿಸಲು ನಾನು ಪಟ್ಟ ಪಾಡನ್ನು ಇಲ್ಲಿ ಹೇಳದಿರಲಾರೆ. ನನ್ನ ಪ್ರಕಾರ ಅದು ಅರವತ್ತೆಂಟನೆಯ ಇಸವಿ. ಅಕ್ಕನ ಪ್ರಕಾರ ಅರವತ್ತೊಂಬತ್ತು. ಏಕೆಂದರೆ ಆ ದಿನ ಅವಳು ಉಟ್ಟಿದ್ದ ದಾವಣಿಯನ್ನು ಅರವತ್ತೆಂಟರಲ್ಲಿ ಇನ್ನೂ ಕೊಂಡಿರಲಿಲ್ಲವಂತೆ. ಕಟ್ಟಿಕೊಂಡು ಹೋದದ್ದು ಮಾವಿನಕಾಯಿ ಚಿತ್ರಾನ್ನವೆಂಬುದರಲ್ಲಿ ಇಬ್ಬರಿಗೂ ಸಹಮತವಿದೆ. ಆದ್ದರಿಂದ ತಿಂಗಳು ಬಹುಮಟ್ಟಿಗೆ ಖಚಿತ. ಯಾವುದೋ ಶತಮಾನದ ಒಬ್ಬ ಪಾಳೆಯಗಾರ ಕೆರೆಯೊಂದನ್ನು ಕಟ್ಟಿಸಿದ ದಿನವನ್ನು ತಿಥಿ ವಾರ ಸಹಿತ ಗೊತ್ತುಮಾಡಿ ಹೊಗಳಿಸಿಕೊಂಡವನು ನಾನು. ನನ್ನ ಅಪ್ಪ ಅವ್ವ ಮೊದಲ ಸಲ ಒಟ್ಟಿಗೆ ಮನೆಯಿಂದ ಹೊರಟ ದಿನ ಯಾವುದೆಂದು ಕೇಳಿದರೆ ಒಂದು ದಾವಣಿಯ ಮುಂದೆ ಸೋತು ಕೂರುತ್ತೇನೆ.

ಬೆಳಕು ಹರಿಯುವ ಮುನ್ನ ಅಪ್ಪ ಎಂಟು ಹಲಗೆಗಳನ್ನು ನೋಡಿ, ಒಂಬತ್ತನೆಯದನ್ನು ಕೈಗೆತ್ತಿಕೊಂಡರು. ಅದು ಗಾಡಿಯೊಳಗೆ ಇಳಿಯಲೊಲ್ಲದು. ಗಾಡಿಯಲ್ಲಿ ವರ್ಷಗಳ ಅರಿಶಿನದ ಪುಡಿ, ಧೂಳು ಗಟ್ಟಿಯಾಗಿ ಕೂತಿತ್ತು. ಅವ್ವ ಒಳಗಿನಿಂದ ಒನಕೆ ತಂದು ಕೊಟ್ಟಳು. ಅಪ್ಪ ಒಂದು ಏಟು ಹಾಕಿದರು. ಬೀದಿಯೆಲ್ಲ ಎದ್ದೀತೆಂದು ಹೆದರಿ ಇನ್ನೊಂದನ್ನು ಮೆಲ್ಲಗೆ ಹಾಕಿದರು. ಹಲಗೆ ಕೂತಿತು. ಬೀಗ ಹಾಕಿ, ನಾವು ನಾಲ್ವರೂ ನಮ್ಮ ಅಂಗಡಿಯಿಂದಲೇ ಕದ್ದು ಓಡುವವರಂತೆ ಬಸ್ಸಿನ ಕಡೆಗೆ ನಡೆದೆವು.

ಉಯ್ಯಂಬಳ್ಳಿಯ ತನಕ ಬಸ್ಸು. ಮುಂದೆ ಪರಿಚಿತರೊಬ್ಬರ ಎತ್ತಿನ ಗಾಡಿ. ಬಸ್ಸಿನಲ್ಲಿ ಅಪ್ಪ ಪ್ರತಿ ನಿಲ್ದಾಣದಲ್ಲೂ ಹತ್ತುವವರ ಮುಖ ನೋಡುತ್ತಿದ್ದರು. ಹೊಳೆದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಒಬ್ಬಾತ ತಲೆಯೆತ್ತಿ, "ಅಯ್ಯೋ, ಶೆಟ್ರಲ್ವಾ! ಅಂಗ್ಡೀಲಿ ಯಾರವ್ರೆ?" ಎಂದದ್ದೇ ತಡ, ಅವರ ಮುಖ ಕಪ್ಪಿಟ್ಟಿತು. "ಅವ್ರೆ, ಅವ್ರೆ" ಎಂದು ಯಾರಿದ್ದಾರೆಂದು ಹೇಳದೆ ನೀರಿಗಿಳಿದುಬಿಟ್ಟರು.

ಅವರಿಗೆ ಈಜು ಬಾರದು. ಅವ್ವ ಹೊಳೆಯಲ್ಲೇ ಬೆಳೆದವಳು. ಸೆರಗಿಗೆ ಪಂಚೆಯ ಅಂಚನ್ನು ಗಂಟು ಹಾಕಿ, ಮಂಡಿಯುದ್ದದ ನೀರಿನಿಂದ ಎದೆಯುದ್ದದ ನೀರಿಗೆ ಅವಳೇ ಅವರನ್ನು ಕರೆದುಕೊಂಡು ಹೋದಳು. ಎರಡು ಹೊಳೆಯ ನೀರು ಬಣ್ಣ ಬೇರೆಯಾಗಿ ಸ್ವಲ್ಪ ದೂರ ಜೊತೆಯಲ್ಲಿ ಹರಿದು ಆಮೇಲೆ ಕಲೆಯುವ ಜಾಗ. ಮೂಗು ಹಿಡಿದುಕೊಂಡು ಅಪ್ಪ ಮುಳುಗಿದ್ದನ್ನು ಕಂಡು ಅಕ್ಕ ಬಿದ್ದು ಬಿದ್ದು ನಕ್ಕಳು. ಮೂರೆಂದರೆ ಮೂರೇ ಮುಳುಗು. ಆದರೂ ಅವರು ಬೇಗ ಮೇಲೆ ಬರಲಿಲ್ಲ. ನೀರಿನಲ್ಲೇ ನಿಂತಿದ್ದರು; ಅವ್ವ ಏನೋ ಹೇಳುತ್ತಿದ್ದಳು, ಅಪ್ಪ ಕೇಳುತ್ತಿದ್ದರು. ದಡಕ್ಕೆ ಮಾತು ಕೇಳಿಸಲಿಲ್ಲ. ಎಷ್ಟೋ ದಾಖಲೆಗಳನ್ನು ಕಳೆದುಕೊಂಡೆನೆಂದು ಕೊರಗಿದ್ದೇನೆ; ಆ ಮಾತುಗಳಷ್ಟು ಬೇರೆ ಯಾವುದಕ್ಕೂ ಕೊರಗಿಲ್ಲ.

ಚಿತ್ರಾನ್ನ ಉಂಡು ಮರಳ ಮೇಲೆ ಕೂತಾಗ ಅಪ್ಪ ಆಶ್ಚರ್ಯದಿಂದೆಂಬಂತೆ ಹೇಳಿದರು: "ಬೆಳಿಗ್ಗಿಂದ ಯಾರೂ ಕರೀನೇ ಇಲ್ಲ ಕಣೆ ನನ್ನ."

ಅವ್ವ ಒದ್ದೆ ಕೂದಲನ್ನು ಹರವಿಕೊಳ್ಳುತ್ತ ಹೇಳಿದಳು: "ನಾನ್ ಕರೀತಾನೇ ಇದ್ನಲ್ಲ ಇಷ್ಟ್ ವರ್ಸ. ನಿಮ್ಗೆ ಆ ಸಂದೀಲಿ ಬರೋರ್ ದನಿ ಮಾತ್ರ ಕೇಳುಸ್ತಿತ್ತು."

ಇತ್ತ ಕನಕಪುರದಲ್ಲಿ ಏನಾಗಿತ್ತೆಂದರೆ, ನಮ್ಮ ಎದುರಿನ ಬಾಷಾ ಸಾಹೇಬರು ಎದ್ದು ಬಂದು ಬೀದಿಗೆ ನೀರು ಚಿಮುಕಿಸುವಾಗ ತಲೆಯೆತ್ತಿ ನೋಡಿದರು. ಸಾಹೇಬರದು ಲಾಟೀನು, ಸ್ಟೌ ರಿಪೇರಿಯ ತಗಡಿನ ಅಂಗಡಿ. ಒಂಬತ್ತೂ ಹಲಗೆ ಹಾಕಿತ್ತು. ಹಿಂದಿನ ಸಂಜೆ ಅಪ್ಪ ಕೆಮ್ಮಿದ್ದು ಅವರಿಗೆ ನೆನಪಾಯಿತು. ಅಲ್ಲಿಂದ ಮುಂದಿನದಕ್ಕೆ ಸಾಕ್ಷ್ಯಗಳು ಹಲವು, ಒಂದಕ್ಕೊಂದು ತಾಳೆಯಿಲ್ಲ. ಹೆಣವನ್ನು ಮುಂಜಾನೆಯೇ ಊರಿಗೆ ಸಾಗಿಸಿದರೆಂದು ಕೆಲವರು, ಆಸ್ಪತ್ರೆಯಲ್ಲಿದೆಯೆಂದು ಕೆಲವರು. ತೀರಿಕೊಂಡದ್ದು ಶೆಟ್ಟರೋ ಶೆಟ್ಟಮ್ಮನೋ ಎಂಬ ಬಗ್ಗೆಯೂ ಎರಡು ಪಕ್ಷಗಳಾದವಂತೆ. ಯಾರೋ ಪುಣ್ಯಾತ್ಮರು ಸಾತನೂರಿಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಹೇಳಿ, ಅಲ್ಲಿದ್ದ ನಮ್ಮ ಸೋದರಮಾವನಿಗೆ ಸುದ್ದಿ ಮುಟ್ಟಿಸಿದರು. ಕೊನೆಯ ಗೌರವಕ್ಕೆ ಹೂವಿನ ಹಾರ ಬಂತು. ಕರ್ಪೂರ, ಊದುಬತ್ತಿ ತರಲು ಹೊರಟವರು ಮಾತ್ರ ನಡುಬೀದಿಯಲ್ಲಿ ನಿಂತರು. ಅವು ಸಿಕ್ಕುವ ಅಂಗಡಿಯೇ ಮುಚ್ಚಿತ್ತಲ್ಲ!

ಸಂಜೆ ನಾವು ಬಸ್ಸಿಳಿದು ಬರುವಾಗ ಅಂಗಡಿಯ ಮುಂದೆ ಜನ. ಕಟ್ಟೆಯ ಮೇಲೆ ಮಾವ ತಲೆಗೆ ಟವಲು ಹಾಕಿಕೊಂಡು ಕೂತಿದ್ದರು. ನಮ್ಮನ್ನು ಮೊದಲು ಕಂಡವರು ಸಾಹೇಬರು.

"ಯಾ ಅಲ್ಲಾ! ಶೆಟ್ರು ನಡ್ಕಂಡ್ ಬತ್ತಾವ್ರೆ!"

ಅಪ್ಪ ಗಾಬರಿಯಿಂದ ಮುನ್ನುಗ್ಗಿದರು. "ಯಾಕೆ? ಯಾರ್ಗೇನಾಯ್ತು? ಏನ್ ಬೇಕು, ಈಗ್ಲೇ ತೆಗೀತೀನಿ!" ಎಂದು ಸೊಂಟದ ಬೀಗದ ಕೈಗೆ ಕೈ ಹಾಕಿದರು. ಜನ ಮುಖ ಮುಖ ನೋಡಿಕೊಂಡರು.

ಮಾವ ಎದ್ದು ನಿಂತರು. ಕಣ್ಣು ಕೆಂಪಗಿದ್ದವು. "ಭಾವ, ಸಾತ್ನೂರಿಂದ ದಾರಿವುದ್ದಕ್ಕೂ ಅತ್ಕಂಡ್ ಬಂದಿವ್ನಿ. ಈಗ ಆ ಅಳುನ್ನ ಏನ್ ಮಾಡ್ಲಿ, ನೀವೇ ಯೋಳಿ!"

"ಒಳಿಕ್ ಬಾ," ಎಂದಳು ಅವ್ವ. "ಕಾಪಿ ಕುಡ್ದು, ಮಿಕ್ಕುದ್ದುನ್ನ ಅಳೀವಂತೆ."

ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು. ಹಾರ ತಂದವರು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡಿದ್ದರು. ಅವ್ವ ಅದನ್ನು ಕೇಳಿ ಇಸಿದುಕೊಂಡು ಒಳಗೆ ದೇವರ ಪಟಕ್ಕೆ ಹಾಕಿದಳು. ಎಲ್ಲರೂ ಹೋದ ಮೇಲೆ, ಅಪ್ಪ ಇನ್ನೂ ನಗುತ್ತಿದ್ದಾಗ, ಅವಳು ಒಲೆಯ ಕಡೆಗೆ ಮುಖ ಮಾಡಿ ಹೇಳಿದಳು:

"ಅಂಗ್ಡಿ ಮುಚ್ಚೈತೆ ಅಂದ್ರೆ ಹೆಣ ಬಿದ್ದೈತೆ ಅಂದ್ಕಂಡ್ರು. ಬದ್ಕಿರೋ ಹೆಂಡ್ತೀಗೆ ಮುಚ್ಚಿರ್ಬೋದು ಅಂತ ಒಬ್ರಿಗೂ ತೋಚ್ಲಿಲ್ಲ."

ಅಪ್ಪನ ನಗೆ ನಿಂತಿತು.

ಆ ಮಾತಿಗೆ ಅವರು ಅಂದು ಉತ್ತರ ಕೊಡಲಿಲ್ಲ. ಮರುವರ್ಷ ಕೊಟ್ಟರು. ನೀರಿಳಿದ ಸುದ್ದಿ ಬಂದ ಮೇಲೆ ಒಂದು ಸಂಜೆ ನನ್ನ ಸ್ಲೇಟನ್ನು ಇಸಿದುಕೊಂಡು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದರು: "ನಾಳೆ ಅಂಗಡಿ ಇಲ್ಲ. ಮನೆಯವರೆಲ್ಲ ಕ್ಷೇಮ." ಆಮೇಲೆ ಒಂದು ಬುಟ್ಟಿಯಲ್ಲಿ ಕರ್ಪೂರ, ಎಳ್ಳು, ಬಾಣಂತಿ ಸಾಮಾನಿನ ಪೊಟ್ಟಣಗಳನ್ನಿಟ್ಟು ಎದುರು ಅಂಗಡಿಗೆ ಒಯ್ದರು.

"ಸಾಬ್ರೆ, ನಾಳೆ ಒಂದಿನ ಯಾರಾನ ಅರ್ಜೆಂಟು ಅಂತ ಬಂದ್ರೆ ಇದ್ರಾಗೆ ಕೊಟ್ಬುಡಿ."

"ನಂಗೆ ಹಿಪ್ಪಲಿ ಯಾವ್ದು, ಮೆಣಸು ಯಾವ್ದು ಗೊತ್ತಾಗಾಕಿಲ್ವಲ್ಲ ಶೆಟ್ರೆ."

"ಎಲ್ಡೂ ಖಾರವೇ. ಉದ್ದುಕ್ಕಿರೋದು ಹಿಪ್ಪಲಿ."

"ಕ್ಷೇಮ ಅಂತ ಬೋರ್ಡ್ ಹಾಕೋ ಅಂಗ್ಡಿ ಮೈಸೂರ್ ಸೀಮೇಲೇ ಇದೊಂದೇಯ," ಎಂದು ಸಾಹೇಬರು ಬುಟ್ಟಿ ತೆಗೆದಿಟ್ಟುಕೊಂಡರು. ಆ ದಿನ ಕೋಡಿಹಳ್ಳಿಯ ಕಡೆಯಿಂದ ಬಂದ ಒಬ್ಬನಿಗೆ ಬಾಣಂತಿ ಸಾಮಾನು ಕೊಟ್ಟು ಕಳಿಸಿದ್ದನ್ನು ಅವರು ವರ್ಷಗಟ್ಟಲೆ ಹೇಳಿಕೊಂಡರು. ಎಷ್ಟು ಸುಲಭವಾಗಿತ್ತು ನೋಡಿ! ಒಂದು ಬುಟ್ಟಿ, ಒಬ್ಬ ನೆರೆಯವ. ಅದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಅಲ್ಲಿಂದ ಮುಂದೆ ಅವರು ಎಷ್ಟು ಸಲ ಹೋದರೆಂಬುದೂ ವಿವಾದಾಸ್ಪದ. ಪ್ರತಿ ವರ್ಷವೂ ಹೋದರೆಂದು ಅಕ್ಕ ಸಾಧಿಸುತ್ತಾಳೆ. ನಡುವೆ ತಪ್ಪಿದ ವರ್ಷಗಳೂ ಇರಬೇಕೆಂದು ನನ್ನ ಅನುಮಾನ. ಕೆಲವು ವರ್ಷಗಳ ಮೇಲೆ ನಾನು ಓದಿಗೆಂದು ಮೈಸೂರು ಸೇರಿದೆ, ಖಚಿತವಾಗಿ ಹೇಳಲಾರೆ. ಈ ಒಂದು ವಿಷಯದಲ್ಲಿ ಆಧಾರವಿಲ್ಲದೆಯೇ ಅಕ್ಕನ ಪಕ್ಷ ಗೆಲ್ಲಲಿ ಎಂದು ಹಾರೈಸುತ್ತೇನೆ. ಇಷ್ಟು ಮಾತ್ರ ನಿಶ್ಚಯ: ಕಾಲಕ್ರಮೇಣ ಪೇಟೆ ಬೀದಿ ಹೊಸ ಅರ್ಥವನ್ನು ಕಲಿಯಿತು. ಒಂಬತ್ತೂ ಹಲಗೆ ಹಾಕಿತ್ತೆಂದರೆ, "ಶೆಟ್ರು ಜೋಡಿ ಸಂಗಮಕ್ಕೆ ಹೋಗವ್ರೆ" ಎಂದು ಜನ ನಗುತ್ತ ಮುಂದೆ ಹೋಗುತ್ತಿದ್ದರು. ಸ್ಲೇಟು ಬೇಕಾಗಲಿಲ್ಲ.

ಅವ್ವ ಹೋದದ್ದು ಒಂದು ಮಳೆಗಾಲದಲ್ಲಿ. ಈ ತಾರೀಖನ್ನು ಪರಿಶೀಲಿಸುವ ಅಗತ್ಯ ನನಗೆ ಬಿದ್ದಿಲ್ಲ.

ಸುದ್ದಿ ತಿಳಿದು ನಾನು ಬೆಳಗಿನ ಬಸ್ಸಿಗೆ ಕನಕಪುರಕ್ಕೆ ಬಂದಿಳಿದಾಗ ಅಂಗಡಿಗೆ ಎಂಟು ಹಲಗೆ ಹಾಕಿತ್ತು. ಒಂಬತ್ತನೆಯದು ಗೋಡೆಗೊರಗಿತ್ತು. ಬೀದಿಯಲ್ಲಿ ಹಲವರಿಗೆ ಇನ್ನೂ ತಿಳಿದೇ ಇರಲಿಲ್ಲ. ಸಂದಿ ತೆರೆದಿತ್ತಲ್ಲ, ಎಂದಿನಂತೆ ಎಂದುಕೊಂಡು ದಾಟಿ ಹೋಗುತ್ತಿದ್ದರು. ಸಾಹೇಬರಿಗೆ ಆ ಹೊತ್ತಿಗೆ ವಯಸ್ಸಾಗಿತ್ತು. ಕೋಲೂರಿಕೊಂಡು ಬಂದು, ಮಾಡಬೇಕಾದ ಕೆಲಸ ಮಾಡುವವರಂತೆ ಆ ಹಲಗೆಗೆ ಕೈ ಹಾಕಿದರು. ಅಪ್ಪ ಒಳಗಿನಿಂದ ಬಂದು ಅವರ ಕೈ ಹಿಡಿದರು.

"ಬ್ಯಾಡ ಸಾಬ್ರೆ."

"ಯಾಕ್ ಶೆಟ್ರೆ? ಇವತ್ತೂ ಮುಚ್ಚಾಕಿಲ್ವಾ? ಅಮ್ಮೋರ್ಗೆ?"

"ಅದ್ನ ಹಾಕೋದು ನಾವಿಬ್ರೂ ಒಟ್ಟಿಗ್ ಹೊರಟ್ರೆ," ಎಂದರು ಅಪ್ಪ. "ಇವತ್ತು ಅವ್ಳೊಬ್ಳೇ ಹೋಗವ್ಳೆ."

ಸಾಹೇಬರು ಹಲಗೆಯನ್ನು ಮೆಲ್ಲಗೆ ಗೋಡೆಗೊರಗಿಸಿದರು. ಅಷ್ಟರಲ್ಲಿ ಹಳ್ಳಿಯವನೊಬ್ಬ ಸಂದಿಯಲ್ಲಿ ಇಣುಕಿ, ಮಗಳಿಗೆ ಹೆರಿಗೆಯಾಯಿತು, ಸಾಮಾನು ಬೇಕೆಂದ. ಒಳಗೆ ದೀಪ ಹಚ್ಚಿಟ್ಟಿರುವುದು ಅವನಿಗೆ ಕಾಣಿಸಲಿಲ್ಲ. ಅಪ್ಪ ಬಜೆ, ಹಿಪ್ಪಲಿ, ಶುಂಠಿ ಕಟ್ಟಿ ಕೊಟ್ಟರು. "ಗಂಡೋ ಹೆಣ್ಣೋ?" ಎಂದು ಕೇಳಿದರು. ಹೆಣ್ಣೆಂದ. "ಒಳ್ಳೇದಾಗ್ಲಿ" ಎಂದು ಕಳಿಸಿದರು.

ಆಮೇಲೂ ಅಪ್ಪ ಕೆಲವು ವರ್ಷ ಅಂಗಡಿಯಲ್ಲಿ ಕೂತರು. ಬೇಸಿಗೆಯಲ್ಲಿ ನೀರಿಳಿದ ಸುದ್ದಿ ಬರುತ್ತಿತ್ತು. ಅವರು ತಕ್ಕಡಿ ಹಿಡಿದು ನಡುವಣ ಬಾಗಿಲ ಕಡೆಗೊಮ್ಮೆ ನೋಡುತ್ತಿದ್ದರೆಂದು ಅಕ್ಕ ಹೇಳುತ್ತಾಳೆ.

ಶೈಲಾಳಿಗೆ ನಿನ್ನೆ ಫೋನು ಮಾಡಿ ಈ ಕತೆಯನ್ನೆಲ್ಲ ಹೇಳಿದೆ. "ನಮ್ಮ ಅಂಗಡಿ ಈಗ ಜೇಬಿನಲ್ಲೇ ಇರ್ತದಲ್ಲ ಮಾವ, ಊಟ ಮಾಡುವಾಗ್ಲೂ ಬಡ್ಕೊಳ್ತದೆ. ಇದಕ್ಕೆ ಹಲಗೆ ಎಲ್ಲಿ ಹಾಕ್ಲಿ?" ಎಂದಳು. ನಿನ್ನ ಬುಟ್ಟಿ ಇಟ್ಟುಕೊಳ್ಳುವ ಸಾಹೇಬರು ಯಾರೆಂದು ಮೊದಲು ಹುಡುಕು ಎಂದಷ್ಟೇ ಹೇಳಿದೆ. ಬಡಗಿಯು ಹಲಗೆಯ ಅಂಚು ಕೊಯ್ದು ಹೊಸ ಕಪಾಟಿಗೆ ಹೊಂದಿಸಲೇ ಎಂದು ಕೇಳಿದ್ದಾನೆ. ಬೇಡವೆಂದಿದ್ದೇನೆ. ಸದ್ಯಕ್ಕೆ ಅದು ಗೋಡೆಗೊರಗಿ ನಿಂತಿದೆ, ಅದಕ್ಕೆ ಅಭ್ಯಾಸವಿರುವಂತೆಯೇ.

ಅಪ್ಪ ತೀರಿಕೊಂಡ ದಿನ ಹಲಗೆಗಳನ್ನು ಹಾಕಿದವನು ನಾನು. ಒಂದರಿಂದ ಎಂಟರ ತನಕ ಹಾಕಿ, ಒಂಬತ್ತನೆಯದನ್ನು ಎತ್ತಿಕೊಂಡು ಗಾಡಿಗಿಟ್ಟೆ. ಒನಕೆ ಬೇಕಾಗಲಿಲ್ಲ, ಅಷ್ಟು ಬೇಸಿಗೆಗಳ ಬಳಕೆಯಿಂದ ಗಾಡಿ ನುಣುಪಾಗಿತ್ತು, ಹಲಗೆ ಸದ್ದಿಲ್ಲದೆ ಇಳಿದು ಕೂತಿತು. ಎದುರು ಅಂಗಡಿಯ ಕಟ್ಟೆಯಲ್ಲಿ ಸಾಹೇಬರು ಕೂತಿದ್ದರು. ಆಗ ಅವರಿಗೆ ಕಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ.

"ಬೇಟಾ, ಒಂಬತ್ತೂ ಹಾಕ್ದ್ಯಾ?" ಎಂದು ಕೂಗಿ ಕೇಳಿದರು.

"ಹೂಂ, ಹಾಕಿದೆ."

ಸಾಹೇಬರು ತಲೆದೂಗಿದರು.

"ಹಂಗಾರೆ ಹೊರಟ್ರು ಬುಡು, ಇಬ್ರೂ."